ಹುಣಸೆ ಮರದ ನೆರಳಲ್ಲಿ ನಾಯಿ



ಮನೆ ಮುಂದೆ ಹುಣಸೆ ಮರವಿದ್ದರೆ ನಾಯಿ ಸಾಕಬಹುದೋ ಬಾರದೋ ಎಂಬ ಪ್ರಶ್ನೆ ನಮ್ಮ ಹಿರಿಯರ ತಲೆಗೆ ಎಂದೂ ಬಂದಿರಲಿಲ್ಲ. ಈಗ ಬಂದಿದೆ. ಜತ್ತ ತಾಲ್ಲೂಕಿನ ಸಂಖ ಕಡೆಯಿಂದ ಮಗಳನ್ನು ಮಿರಜದ ದವಾಖಾನೆಗೆ ತೋರಿಸಲು ಬಂದಿದ್ದ ತಾಯಿಯೊಬ್ಬರು ಮಾತಿನ ನಡುವೆ ಕೇಳಿದರು: “ಅಣ್ಣಾರ, ಹುಣಸಿಹಣ್ಣ ತಿಂದ್ರ ನಾಯಿ ಕಿಡ್ನಿ ಹೋಗತಾವಂತ ನಮ್ಮ ಹುಡುಗ ಮೊಬೈಲ್‌ನಾಗ ನೋಡ್ಯಾನ. ನಮ್ಮ ಅಂಗಳದಾಗ ಮುತ್ತ್ಯಾನ ಕಾಲದ ಗಿಡ ಐತ್ರಿ. ಗಿಡಾ ಕಡಸೂದೋ, ನಾಯಿ ಬಿಡೂದೋ?”

ಎರಡೂ ಬೇಡವ್ವಾ ಅಂದೆ. ಹುಡುಗ ನೋಡಿದ್ದು ಸುಳ್ಳಲ್ಲ ಅಂತಲೂ ಅಂದೆ. ಈ ಎರಡು ಮಾತು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗಿತ್ತು. ಇವತ್ತು ಅವರಿಗೂ ನಿಮಗೂ ಸೇರಿಸಿ ಹೇಳುತ್ತೇನೆ.

ಮಿರಜದಿಂದ ಮೂಡಣ ದಿಕ್ಕಿಗೆ ಅರಗ, ಬೇಡಗ, ಸಲಗರೆ ಕಡೆ ಹೊರಟರೆ ಕೃಷ್ಣೆಯ ದಡದ ಕಬ್ಬಿನ ಹಸಿರು ಹಿಂದೆ ಉಳಿಯುತ್ತದೆ. ಜತ್ತದ ಗಡಿ ಮುಟ್ಟುವ ಹೊತ್ತಿಗೆ ಮಳೆ ಕಡಿಮೆಯ ಸೀಮೆ. ಬೇಸಿಗೆಯಲ್ಲಿ ಅಲ್ಲಿ ಕಣ್ಣಿಗೆ ಬೀಳುವ ಹಸಿರೆಂದರೆ ಬೇವು ಮತ್ತು ಹುಣಸೆ. ತೀರಾ ಬರಗಾಲದಲ್ಲಿ ಒಂದಿಷ್ಟು ಎಲೆ ಉದುರಿಸಿದರೂ ಹುಣಸೆ ಪೂರ್ತಿ ಬೋಳಾಗಿ ನಿಲ್ಲುವುದು ಅಪರೂಪ. ಅದರ ಬುಡದಲ್ಲಿ ದನ ಕಟ್ಟುತ್ತಾರೆ, ಕುರಿ ತರಬುತ್ತಾರೆ, ಗುಡ್ಡಾಪುರದ ದಾನಮ್ಮನಿಗೆ ನಡೆದು ಹೋಗುವವರು ಬುತ್ತಿ ಬಿಚ್ಚುತ್ತಾರೆ. ನಾಯಿಯೂ ಅಲ್ಲೇ ಮಣ್ಣು ಕೆರೆದು ತಂಪು ಮಾಡಿಕೊಂಡು ಮಲಗುತ್ತದೆ. ಈ ಮರದ ಮೇಲೆ ದೆವ್ವ ಇರುತ್ತದೆ, ರಾತ್ರಿ ಕೆಳಗೆ ಮಲಗಬಾರದು ಎಂಬ ನಂಬಿಕೆ ಹಳೆಯದು. ಆ ನಂಬಿಕೆಗೂ ಇವತ್ತಿನ ವಿಷಯಕ್ಕೂ ಸಂಬಂಧವಿಲ್ಲ. ಹುಣಸೆಯ ನೆರಳಿನಿಂದಾಗಲಿ, ಗಾಳಿಯಿಂದಾಗಲಿ, ತೊಗಟೆ ಕಟ್ಟಿಗೆಯಿಂದಾಗಲಿ ನಾಯಿಗೆ ಕೇಡಿಲ್ಲ. ಚಿಗುರಿನಲ್ಲೂ ಹುಳಿಯುಂಟು, ಆದರೆ ನಾಯಿ ಸೊಪ್ಪು ಮೇಯುವ ಪ್ರಾಣಿಯಲ್ಲ.

ಇಲ್ಲಿ ಮಿರಜದ ಒಂದು ಹಳೆಯ ನೆನಪನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜವನ್ನೇ ಮನೆ ಮಾಡಿಕೊಂಡವರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳಾದ್ದರಿಂದ ಕನ್ನಡಿಗರಿಗೂ ಅವರು ನಮ್ಮವರೇ. ಅವರ ಹತ್ತಿರ ಟಿಪ್ಪೂ ಮಿಯಾ ಎಂಬ ನಾಯಿಯಿತ್ತು, ಅದಕ್ಕೆ ಸ್ವರ ಹಿಡಿಯುವುದನ್ನು ಕಲಿಸಿದ್ದರು ಎಂದು ಸಂಗೀತದ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಗ್ವಾಲಿಯರಿನಲ್ಲಿ ತಾನಸೇನನ ಸಮಾಧಿಯ ಬಳಿಯ ಹುಣಸೆಯ ಎಲೆ ಅಗಿದರೆ ಕಂಠ ತೆರೆಯುತ್ತದೆ ಎಂಬ ನಂಬಿಕೆ ಹಾಡುವವರಲ್ಲಿ ಇಂದಿಗೂ ಇದೆ. ಹುಣಸೆ ನಮಗೆ ಅಷ್ಟು ಹತ್ತಿರದ ಮರ. ನಾಯಿಯೂ ಅಷ್ಟೇ ಹತ್ತಿರದ ಜೀವ. ಈ ಎರಡರಲ್ಲಿ ಒಂದನ್ನು ಬಿಡಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಆ ಹುಡುಗ ಮೊಬೈಲಿನಲ್ಲಿ ನೋಡಿದ್ದೇನು? ಅದನ್ನು ತಿಳಿಯಬೇಕಾದರೆ ಹುಣಸೆ ಬಿಟ್ಟು ಮೊದಲು ದ್ರಾಕ್ಷಿಯ ಹತ್ತಿರ ಹೋಗಬೇಕು. ಸಾಂಗ್ಲಿ ಜಿಲ್ಲೆಯವರಿಗೆ ದ್ರಾಕ್ಷಿಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುತ್ತದೆ ಎಂಬುದನ್ನು ಅಮೆರಿಕದ ಪ್ರಾಣಿವಿಷ ಸಲಹಾ ಕೇಂದ್ರದವರು ಗುರುತಿಸಿ 2001ರಲ್ಲಿ ಪಶುವೈದ್ಯರಿಗೆ ತಿಳಿಸಿದರು. ನಂತರ 2005ರಲ್ಲಿ, ಹೀಗೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ 43 ನಾಯಿಗಳ ದಾಖಲೆಗಳನ್ನು ಒಟ್ಟು ಹಾಕಿ ನೋಡಿದ ಅಧ್ಯಯನವೊಂದು ಬಂತು. ಬದುಕಿದ್ದು 23 ಮಾತ್ರ. ಆದರೆ ದ್ರಾಕ್ಷಿಯೊಳಗಿನ ಯಾವ ಅಂಶ ಈ ಕೆಲಸ ಮಾಡುತ್ತದೆ ಎಂಬುದು ಇಪ್ಪತ್ತು ವರ್ಷ ಯಾರಿಗೂ ಹೊಳೆಯಲಿಲ್ಲ. ಔಷಧಿ ಸಿಂಪಡಣೆಯೇ, ಬೂಷ್ಟೇ, ಸಿಪ್ಪೆಯೇ, ಬೀಜವೇ? ಸಿಂಪಡಣೆ ಇಲ್ಲದ ಮನೆಯಂಗಳದ ಬಳ್ಳಿಯ ಹಣ್ಣು ತಿಂದ ನಾಯಿಗೂ ಆಗುತ್ತಿತ್ತು, ಬೀಜವಿಲ್ಲದ ಹಣ್ಣಿನಿಂದಲೂ ಆಗುತ್ತಿತ್ತು. ಒಂದು ನಾಯಿ ನಾಲ್ಕು ಹಣ್ಣು ತಿಂದು ನೆಲ ಹಿಡಿದರೆ ಇನ್ನೊಂದು ಬೊಗಸೆ ತುಂಬ ತಿಂದು ಬಾಲ ಅಲ್ಲಾಡಿಸುತ್ತಿತ್ತು.

ಗಂಟು ಬಿಚ್ಚಿದ್ದು ಮಕ್ಕಳ ಆಟಿಕೆಯಿಂದ. ಪಶ್ಚಿಮದ ಮನೆಗಳಲ್ಲಿ ಮಕ್ಕಳಿಗೆ ಗೊಂಬೆ ಮಾಡಲು ಮೈದಾ, ಉಪ್ಪು, ಎಣ್ಣೆ, ನೀರು ಕಲಸಿ ಕಣಕದಂಥ ಮುದ್ದೆ ಮಾಡಿಕೊಡುತ್ತಾರೆ. ಅದು ಹದವಾಗಿ ಉಳಿಯಲೆಂದು ಕ್ರೀಮ್ ಆಫ್ ಟಾರ್ಟಾರ್ ಎಂಬ ಬಿಳಿ ಪುಡಿ ಬೆರೆಸುತ್ತಾರೆ. ಅಂಥ ಮುದ್ದೆ ತಿಂದ ನಾಯಿಯೊಂದು ವಾಂತಿ ಮಾಡಿಕೊಂಡು, ಅದರ ಮೂತ್ರಪಿಂಡ ಥೇಟ್ ದ್ರಾಕ್ಷಿ ತಿಂದ ನಾಯಿಯದ್ದರಂತೆಯೇ ಕೆಟ್ಟಿತು. ಆ ಪುಡಿ ಬೇರೇನಲ್ಲ, ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಾರಸ ಹುದುಗಿಸುವ ಪೀಪಾಯಿಗಳ ಒಳಮೈಗೆ ಹರಳುಗಟ್ಟಿ ಕೂರುವ ವಸ್ತು. ವಿಷತಜ್ಞೆ ಕೊಲೆಟ್ ವೆಗೆನಾಸ್ಟ್ ಮತ್ತು ಅವರ ಸಂಗಡಿಗರು ಎರಡನ್ನೂ ಜೋಡಿಸಿ ನೋಡಿ, ನಾಯಿಯ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದು ಟಾರ್ಟಾರಿಕ್ ಆಮ್ಲವೇ ಇರಬೇಕು ಎಂದು 2021ರಲ್ಲಿ ಬರೆದರು. ಮರುವರ್ಷ ಅವರೇ ಪ್ರಕಟಿಸಿದ ಪ್ರಬಂಧದಲ್ಲಿ ಆ ಪುಡಿ ತಿಂದ ನಾಯಿಗಳ ಜೊತೆಗೆ ಹುಣಸೆಹಣ್ಣು ತಿಂದು ಹಾಗೆಯೇ ಕಾಯಿಲೆ ಬಿದ್ದ ನಾಯಿಗಳೂ ಇದ್ದವು.

ಹುಣಸೆ ಈ ಕಥೆಯೊಳಗೆ ಬಂದದ್ದು ಹೀಗೆ. ನಿಂಬೆ, ಮಾವು, ಸೇಬು, ನೆಲ್ಲಿ ಹೀಗೆ ಹುಳಿಯ ಹಣ್ಣು ಎಷ್ಟೋ ಇವೆ. ಅವುಗಳಲ್ಲಿ ಹೆಚ್ಚಿನವುಗಳ ಹುಳಿ ಸಿಟ್ರಿಕ್ ಅಥವಾ ಮ್ಯಾಲಿಕ್ ಆಮ್ಲದ್ದು. ಟಾರ್ಟಾರಿಕ್ ಆಮ್ಲವೇ ಮುಖ್ಯವಾಗಿರುವ, ನಾವು ದಿನಾ ಬಳಸುವ ಹಣ್ಣುಗಳೆಂದರೆ ದ್ರಾಕ್ಷಿ ಮತ್ತು ಹುಣಸೆ. ಹಸಿ ದ್ರಾಕ್ಷಿಯಲ್ಲಿ ಅದು ನೂರಕ್ಕೆ ಎರಡು ಪಾಲಿನೊಳಗೆ ಇರುತ್ತದೆ, ಹಲವು ಸಲ ಒಂದಕ್ಕೂ ಕಡಿಮೆ. ಹುಣಸೆಯ ತಿರುಳಿನಲ್ಲಿ ನೂರಕ್ಕೆ ಎಂಟರಿಂದ ಹದಿನೆಂಟು ಪಾಲು. ಮಿಕ್ಕ ಹೆಚ್ಚಿನ ಹಣ್ಣುಗಳು ಮಾಗುತ್ತಾ ಹುಳಿ ಕಳೆದುಕೊಳ್ಳುತ್ತವೆ. ಹುಣಸೆ ಮಾಗುವಾಗ ಸಕ್ಕರೆ ಕೂಡುತ್ತದೆಯೇ ಹೊರತು ಆಮ್ಲ ಕರಗಿಹೋಗುವುದಿಲ್ಲ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎನ್ನುವ ನಮ್ಮ ಗಾದೆ ರಸಾಯನಶಾಸ್ತ್ರದ ಲೆಕ್ಕದಲ್ಲೂ ಸರಿ. ಆದ್ದರಿಂದ ಹಣ್ಣು ಹಳೆಯದಾಗಿದೆ, ಕಪ್ಪಾಗಿದೆ, ಇನ್ನೇನೂ ಆಗಲಿಕ್ಕಿಲ್ಲ ಎಂದುಕೊಳ್ಳುವಂತಿಲ್ಲ.

ನಮಗೆ ಏನೂ ಮಾಡದ ಹುಳಿ ನಾಯಿಗೇಕೆ ಹೀಗೆ? ಮನುಷ್ಯನ ಮೂತ್ರಪಿಂಡದ ಜೀವಕೋಶಗಳಿಗೆ ಇಂಥ ಆಮ್ಲಗಳನ್ನು ಹೊರದೂಡುವ ವ್ಯವಸ್ಥೆ ಚೆನ್ನಾಗಿದೆ, ನಾಯಿಯಲ್ಲಿ ಅದು ದುರ್ಬಲ, ಹಾಗಾಗಿ ಆಮ್ಲ ಕೋಶದೊಳಗೇ ಸೇರಿಕೊಂಡು ಅದನ್ನು ಕೊಲ್ಲುತ್ತದೆ ಎನ್ನುವುದು ಈಗ ತಜ್ಞರು ಮುಂದಿಡುವ ವಿವರಣೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ನಾಯಿಯ ಮೂತ್ರಪಿಂಡ ಕೋಶಗಳ ಮೇಲೆ ಮಾಡಿದ ಪರೀಕ್ಷೆಗಳು ಇದನ್ನೇ ಬೆಂಬಲಿಸಿವೆ.

ಈಗ ನಮ್ಮ ಊರಿಗೆ ಬರೋಣ. ಹುಣಸೆ ಬಡಿಯುವ ಕಾಲ ಮತ್ತು ಒಣದ್ರಾಕ್ಷಿ ಮಾಡುವ ಕಾಲ ಇಲ್ಲಿ ಹೆಚ್ಚೂಕಡಿಮೆ ಒಂದೇ. ಶಿವರಾತ್ರಿಯ ಹಿಂದೆ ಮುಂದೆ ಶುರುವಾಗಿ ಯುಗಾದಿ ದಾಟುವವರೆಗೆ. ಆ ದಿನಗಳಲ್ಲಿ ಹಳ್ಳಿಯ ಯಾವುದಾದರೂ ಪಡಸಾಲೆಗೆ ಹೋಗಿ ನೋಡಿ. ಬಿಸಿಲಿಗೆ ಒಣಗಿ ಗಲಗಲ ಅನ್ನುವ ಕಾಯಿಯ ರಾಶಿ ಒಂದು ಕಡೆ. ಹೆಂಗಸರು ಸುತ್ತ ಕೂತು ಕಟ್ಟಿಗೆಯಿಂದ ಮೆಲ್ಲಗೆ ಬಡಿದು ಸಿಪ್ಪೆ ಬಿಡಿಸುತ್ತಾರೆ, ನಾರು ಎಳೆಯುತ್ತಾರೆ, ತಿರುಳು ಸೀಳಿ ಬೀಜ ಹಾರಿಸುತ್ತಾರೆ. ಬಿಡಿಸಿದ ಹಣ್ಣಿಗೆ ಹರಳುಪ್ಪು ಹಾಕಿ ತಿಕ್ಕಿ ಉಂಡೆ ಕಟ್ಟಿ ಮಡಕೆಗೋ ಡಬ್ಬಿಗೋ ತುಂಬುತ್ತಾರೆ. ಸಂಜೆ ಗೋಣಿತಟ್ಟು ಝಾಡಿಸುವ ಹೊತ್ತಿಗೆ ಅದರ ತುಂಬ ಅಂಟು, ಉಪ್ಪು, ತಿರುಳಿನ ಚೂರು. ಮನೆಯ ನಾಯಿ ಬಂದು ತಟ್ಟು ನೆಕ್ಕುವುದು ಆಗಲೇ. ಬರಿಯ ಹುಳಿಯಾದರೆ ಮೂಸಿ ಮುಖ ತಿರುಗಿಸುತ್ತಿತ್ತೋ ಏನೋ; ಉಪ್ಪಿನ ಆಸೆಗೆ ನಿಲ್ಲುತ್ತದೆ. ಮಕ್ಕಳಿಗೆ ಹುಣಸೆಯ ಜೊತೆ ಬೆಲ್ಲ, ಜೀರಿಗೆ, ಉಪ್ಪು, ಖಾರ ಕುಟ್ಟಿ ಕಡ್ಡಿಗೆ ಅಂಟಿಸಿ ಕೊಡುವ ಚಿಗಳಿಯಂತೂ ಬೆಲ್ಲದ ವಾಸನೆಯಿಂದಲೇ ನಾಯಿಯನ್ನು ಕರೆಯುತ್ತದೆ. ಮಗು ಅರ್ಧ ಚೀಪಿ ಬಿಸಾಡಿದ ಚಿಗಳಿ ನಾಯಿಯ ಬಾಯಿಗೆ ಹೋಗುವುದನ್ನು ಯಾರೂ ಎಣಿಕೆ ಇಟ್ಟಿರುವುದಿಲ್ಲ.

ನನಗೆ ಹುಣಸೆಗಿಂತ ಹೆಚ್ಚು ಭಯ ಇರುವುದು ಬೇದಾಣೆಯ, ಅಂದರೆ ಒಣದ್ರಾಕ್ಷಿಯ, ಶೆಡ್ಡುಗಳ ಬಗ್ಗೆ. ತಾಸಗಾಂವ, ಕವಠೆ ಮಹಾಂಕಾಳ, ಮಿರಜ ತಾಲ್ಲೂಕುಗಳಲ್ಲಿ ಹಣ್ಣನ್ನು ದ್ರಾವಣದಲ್ಲಿ ಅದ್ದಿ ಅಂತಸ್ತು ಅಂತಸ್ತಿನ ಜಾಳಿಗೆಗಳ ಮೇಲೆ ಹರವಿ ನೆರಳಿನಲ್ಲಿ ಒಣಗಿಸುತ್ತಾರೆ. 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸಾಂಗ್ಲಿಯ ಒಣದ್ರಾಕ್ಷಿ ಇದೇ. ಗಡಿಯಾಚೆ ಅಥಣಿ, ವಿಜಯಪುರದ ಕಡೆಯೂ ಇದೇ ಪದ್ಧತಿ. ರಾತ್ರಿ ಕಾವಲಿಗೆ ಶೆಡ್ಡಿನ ಕಂಬಕ್ಕೆ ನಾಯಿ ಕಟ್ಟುತ್ತಾರೆ. ಮೇಲಿನ ಜಾಳಿಗೆಯಿಂದ ಉದುರಿದ್ದು ಅದರ ಮೂಗಿನ ಮುಂದೆಯೇ ಬೀಳುತ್ತದೆ. ಹಣ್ಣು ಒಣಗಿ ಕುಗ್ಗಿದಷ್ಟೂ ಅದರೊಳಗಿನ ಆಮ್ಲ ಗಟ್ಟಿಯಾಗುತ್ತದೆ. ನಾಯಿಯ ಪ್ರತಿ ಕಿಲೋ ತೂಕಕ್ಕೆ ಮೂರು ಗ್ರಾಮಿನಷ್ಟು ಒಣದ್ರಾಕ್ಷಿಯೂ ಮೂತ್ರಪಿಂಡ ಕೆಡಿಸಿದ ಉದಾಹರಣೆಗಳಿವೆ. ಇಪ್ಪತ್ತು ಕಿಲೋ ತೂಗುವ ಮುಧೋಳ ತಳಿಯ ನಾಯಿಗೆ ಅದು ಅರವತ್ತು ಗ್ರಾಂ, ಅಂದರೆ ಹೆಚ್ಚೆಂದರೆ ಎರಡು ಹಿಡಿ. ಐದು ಕಿಲೋದ ಮನೆಯೊಳಗಿನ ಬಿಳಿ ಪೊಮೇರಿಯನ್ ನಾಯಿಗೆ ಹದಿನೈದು ಗ್ರಾಂ ಸಾಕು. ಸತ್ಯನಾರಾಯಣ ಪೂಜೆಯ ಶಿರಾದಲ್ಲಿ ಧಾರಾಳವಾಗಿ ಬಿದ್ದಿರುವ ದ್ರಾಕ್ಷಿಯನ್ನು ನೆನೆಸಿಕೊಳ್ಳಿ. ಪ್ರಸಾದವೆಂದು ಪ್ರೀತಿಯಿಂದ ನಾಯಿಗೂ ಒಂದು ದೊನ್ನೆ ಇಡುವ ಮನೆಗಳು ನಮ್ಮಲ್ಲಿ ಬಹಳ.

ಮುಧೋಳ ನಾಯಿಯ ಹೆಸರು ಬಂತು. ಜತ್ತ, ಮಂಗಳವೇಢೆಯಿಂದ ಹಿಡಿದು ಬಾಗಲಕೋಟೆಯವರೆಗೆ ಕುರುಬರು, ಧನಗರರು ಸಾಕಿ ಉಳಿಸಿಕೊಂಡು ಬಂದ ಬೇಟೆ ನಾಯಿ ಅದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. ಮೈಯಲ್ಲಿ ಕೊಬ್ಬಿಲ್ಲದ, ತೂಕ ಕಡಿಮೆಯ ನಾಯಿ. ಎತ್ತರ ನೋಡಿ ದೊಡ್ಡ ನಾಯಿ, ಏನು ತಿಂದರೂ ತಡೆದೀತು ಎಂದು ಲೆಕ್ಕ ಹಾಕಿದರೆ ತಪ್ಪುತ್ತದೆ.

ಇಷ್ಟು ಹೇಳಿದ ಮೇಲೆ ಹಿರಿಯರು ಕೇಳುವ ಪ್ರಶ್ನೆ ನನಗೆ ಗೊತ್ತು. “ತಲೆತಲಾಂತರದಿಂದ ನಾಯಿ ಹುಣಸಿ ಗಿಡದ ಕೆಳಗ ಬಿದ್ದಾವು, ದ್ರಾಕ್ಷಿ ಪಡದಾಗ ಓಡಾಡ್ಯಾವು, ಏನಾಗೇತಿ?” ನ್ಯಾಯವಾದ ಪ್ರಶ್ನೆ. ಅದಕ್ಕೆ ಅರ್ಧ ಉತ್ತರ ಹುಣಸೆಯಲ್ಲೇ ಇದೆ. ಮರದಿಂದ ಬಿದ್ದ ಕಾಯಿಗೆ ಗಟ್ಟಿ ಸಿಪ್ಪೆ ಇರುತ್ತದೆ, ಒಳಗಿನದು ತೀಕ್ಷ್ಣ ಹುಳಿ, ಹಸಿವಿಲ್ಲದ ನಾಯಿ ಅದನ್ನು ಕಚ್ಚಿ ಬಿಡಿಸಿ ತಿನ್ನುವ ಗೋಜಿಗೆ ಹೋಗುವುದಿಲ್ಲ. ಹಾಗಾಗಿಯೇ ಮರ ಅಪಾಯವಲ್ಲ ಎಂದು ನಾನು ಹೇಳುವುದು. ಇನ್ನರ್ಧ ಉತ್ತರ ಅಷ್ಟು ನೆಮ್ಮದಿಯದಲ್ಲ. ಹಳ್ಳಿಯ ನಾಯಿ ಎರಡು ದಿನ ಉಣ್ಣದೆ, ಬಣವೆಯ ಹಿಂದೆ ಹೋಗಿ ಮಲಗಿ ಸತ್ತರೆ ನಾವು ಏನು ಹೇಳುತ್ತೇವೆ? ಹಾವು ಮುಟ್ಟಿರಬೇಕು, ಯಾರೋ ಔಷಧಿ ಹಾಕಿರಬೇಕು, ವಯಸ್ಸಾಗಿತ್ತು. ಅದರ ರಕ್ತ ಪರೀಕ್ಷೆ ಮಾಡಿಸಿದವರಿಲ್ಲ, ಮೂತ್ರಪಿಂಡ ತೆರೆದು ನೋಡಿದವರಿಲ್ಲ. ನೋಡದೆ ಇದ್ದದ್ದನ್ನು ಆಗದೆ ಇದ್ದದ್ದು ಎಂದು ಹೇಳಲಾಗುವುದಿಲ್ಲ.

ಮನೆಯ ಸಾರಿನ ಬಗ್ಗೆಯೂ ಕೇಳುತ್ತಾರೆ. ರೊಟ್ಟಿ ಮುರಿದು ಸಾರು ಹಾಕಿ ನಾಯಿಗೆ ಇಡುವುದು ನಮ್ಮ ರೂಢಿ. ಒಂದು ಪಾತ್ರೆ ಸಾರಿಗೆ ಬೀಳುವುದು ನಿಂಬೆ ಗಾತ್ರದ ಹುಣಸೆ, ಅದರಲ್ಲಿ ನಾಯಿಯ ಪಾಲಿಗೆ ಬರುವುದು ಒಂದು ಸೌಟು. ಅಷ್ಟಕ್ಕೆ ಹೆದರಿ ಕೂರಬೇಕಿಲ್ಲ. ಹಾಗಂತ ಅದು ಒಳ್ಳೆಯ ಊಟವೂ ಅಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೂಡ ನಾಯಿಯ ರಕ್ತಕ್ಕೆ ಒಳ್ಳೆಯದಲ್ಲ. ರೊಟ್ಟಿಗೆ ಹಾಲೋ ನೀರು ಬೆರೆಸಿದ ಮಜ್ಜಿಗೆಯೋ ಹಾಕಿ. ಹುಣಸೆಯ ಗೊಜ್ಜು, ಚಟ್ನಿ, ಪಾನಿಪುರಿಯ ಸಿಹಿನೀರು ಇವನ್ನು ಮಾತ್ರ ನಾಯಿಯ ತಟ್ಟೆಗೆ ಸುರಿಯಬೇಡಿ.

ತಿಂದೇಬಿಟ್ಟರೆ? ಈ ಭಾಷಣದಲ್ಲಿ ನೀವು ನೆನಪಿಡಬೇಕಾದ ಭಾಗ ಇದು. ತಿಂದ ದಿನವೇ ನಾಯಿ ವಾಂತಿ ಮಾಡಬಹುದು; ಹೆಚ್ಚಿನ ನಾಯಿಗಳು ಮಾಡುತ್ತವೆ. ವಾಂತಿಯಲ್ಲಿ ದ್ರಾಕ್ಷಿ ಉಬ್ಬಿಕೊಂಡು ಬರುವುದುಂಟು. ಆಮೇಲೆ ಅದು ಮಂಕಾಗುತ್ತದೆ, ಉಣ್ಣುವುದಿಲ್ಲ, ಹೊಟ್ಟೆ ಮುಟ್ಟಿಸಿಕೊಳ್ಳುವುದಿಲ್ಲ, ಕೆಲವಕ್ಕೆ ಭೇದಿ. ಮೂತ್ರಪಿಂಡ ಸೋಲತೊಡಗುವುದು ಒಂದರಿಂದ ಮೂರು ದಿನದೊಳಗೆ. ಆಗ ನೀರು ಕುಡಿಯುವುದು, ಮೂತ್ರ ಮಾಡುವುದು ಮೊದಲು ಹೆಚ್ಚಾಗಿ, ನಂತರ ಮೂತ್ರ ಕಡಿಮೆಯಾಗುತ್ತಾ ನಿಂತೇಹೋಗಬಹುದು. ಮೂತ್ರ ನಿಂತ ನಾಯಿಯನ್ನು ಉಳಿಸುವುದು ಬಹಳ ಕಷ್ಟ. ಮನುಷ್ಯರಿಗೆ ಮಿರಜದಲ್ಲಿ ಡಯಾಲಿಸಿಸ್ ಸಿಕ್ಕಷ್ಟು ಸುಲಭವಾಗಿ ನಾಯಿಗೆ ಸಿಗುವುದಿಲ್ಲ. ಈ ವಿಷಕ್ಕೆ ಪ್ರತಿವಿಷವೂ ಇಲ್ಲ.

ಆದ್ದರಿಂದ ಲಕ್ಷಣ ಕಾಣಿಸಲಿ ನೋಡೋಣ ಎಂದು ಕಾಯಬೇಡಿ. ತಿಂದದ್ದು ಗೊತ್ತಾದ ಕೂಡಲೇ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಅವರು ಚುಚ್ಚುಮದ್ದಿನಿಂದ ವಾಂತಿ ಮಾಡಿಸುತ್ತಾರೆ, ಬೇಕಾದರೆ ಎರಡು ದಿನ ಸಲೈನ್ ಏರಿಸಿ ಮೂತ್ರಪಿಂಡವನ್ನು ತೊಳೆಯುತ್ತಾರೆ. ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಮಾಡಿಸಿ. ಮೊದಲ ದಿನ ಅದು ಸರಿಯಿದೆ ಎಂದು ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ, ಏಕೆಂದರೆ ಪೆಟ್ಟು ಲೆಕ್ಕದಲ್ಲಿ ಕಾಣಿಸುವುದಕ್ಕೆ ಒಂದು ದಿನವಾದರೂ ಬೇಕು. ಎರಡನೇ, ಮೂರನೇ ದಿನ ಮತ್ತೆ ನೋಡಿಸಬೇಕು. ಬೇಗ ಹೋದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೂ ಆಧಾರವಿದೆ. ದ್ರಾಕ್ಷಿ ತಿಂದ 139 ನಾಯಿಗಳ ಮೇಲಿನ ಇನ್ನೊಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಹೆಚ್ಚಿನವಕ್ಕೆ ವಾಂತಿ ಮಾಡಿಸಿ ಚಿಕಿತ್ಸೆ ಕೊಟ್ಟಿದ್ದರು. ಬಹುತೇಕ ಎಲ್ಲವೂ ಬದುಕಿದವು. ಆ 43 ನಾಯಿಗಳಿಗೂ ಈ 139 ನಾಯಿಗಳಿಗೂ ಇರುವ ಅಂತರ ಮುಖ್ಯವಾಗಿ ಹೊತ್ತಿನದು. ಮೊದಲಿನವು ಮೂತ್ರಪಿಂಡ ಕೆಟ್ಟ ಮೇಲೆ ಲೆಕ್ಕಕ್ಕೆ ಸಿಕ್ಕವು.

ಮನೆಯಲ್ಲಿ ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ. ಹೆಚ್ಚಿನ ಉಪ್ಪು ತಾನೇ ನಾಯಿಗೆ ವಿಷ. ಅದು ಮಿದುಳಿಗೆ ಏರಿ ಸೆಳವು ಬರಿಸಿ ಕೊಲ್ಲಬಹುದು. ಗಂಟಲಿಗೆ ಬೆರಳು ಹಾಕಬೇಡಿ, ಎಣ್ಣೆ ಹುಯ್ಯಬೇಡಿ. ಮನುಷ್ಯರ ನೋವಿನ ಗುಳಿಗೆ ಕೊಡಲೇಬೇಡಿ, ಅವು ಸೋತ ಮೂತ್ರಪಿಂಡವನ್ನು ಇನ್ನಷ್ಟು ಹಾಳುಮಾಡುತ್ತವೆ. ತಿಂದದ್ದು ಏನು, ಸುಮಾರು ಎಷ್ಟು, ಯಾವ ಹೊತ್ತಿಗೆ ಎಂಬುದನ್ನು ವೈದ್ಯರಿಗೆ ಹೇಳಿ. ಉಳಿದ ಹಣ್ಣಿದ್ದರೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಹುಣಸೆಯ ಸಂಗತಿ ಹೊಸದು, ಎಲ್ಲರ ಗಮನಕ್ಕೂ ಬಂದಿರಲಿಕ್ಕಿಲ್ಲ. “ಡಾಕ್ಟರ, ಇದು ದ್ರಾಕ್ಷಿ ತಿಂದಂಗ ಅಂತ್ರೀ” ಎಂದು ನೀವೇ ನೆನಪಿಸಿದರೆ ತಪ್ಪೇನಿಲ್ಲ.

ಮಿಕ್ಕ ಹಸಿರು ಮರಗಳ ಬಗ್ಗೆ ಎರಡೇ ಮಾತು. ಬೇವು, ಮಾವು, ಕಂಪೌಂಡಿನುದ್ದ ನೆಡುವ ಉದ್ದನೆಯ ಅಶೋಕ ಇವುಗಳ ನೆರಳಿನ ಬಗ್ಗೆ ನಾಯಿ ಸಾಕಿದವರು ಚಿಂತೆ ಮಾಡಬೇಕಿಲ್ಲ. ಚಿಂತೆ ಮಾಡಬೇಕಾದದ್ದು ಕಣಗಿಲೆ. ದೇವರಿಗೆ ಹೂವಾಗುತ್ತದೆಂದು ಅಂಗಳದಲ್ಲಿ, ಹೆದ್ದಾರಿಯ ನಡುಪಟ್ಟಿಯಲ್ಲಿ ಎಲ್ಲೆಲ್ಲೂ ಇದೆ. ಅದರ ಎಲೆ, ತೊಗಟೆ, ಬೇರು ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷ. ಹಳದಿ ಹೂವಿನ ಕಣಗಿಲೆಯ ಬೀಜವೂ ಹಾಗೆಯೇ. ಬಂಗಲೆಗಳ ಮುಂದೆ ಚೆಂದಕ್ಕೆ ಇಡುವ ಸೈಕಸ್ ಗಿಡದ ಬೀಜ ನಾಯಿಯ ಯಕೃತ್ತನ್ನು ನಾಶಮಾಡುತ್ತದೆ. ಮರಿ ನಾಯಿಗೆ ಕಂಡದ್ದೆಲ್ಲ ಕಡಿಯುವ ಚಟ. ಮನೆಗೆ ಮರಿ ತರುವ ಮೊದಲು ಈ ಗಿಡಗಳನ್ನು ತೆಗೆಯಿಸಿ. ಕೊಡಲಿ ಎತ್ತಲೇಬೇಕೆಂದರೆ ಅಲ್ಲಿ ಎತ್ತಿ, ನೂರು ವರ್ಷದ ಹುಣಸೆಯ ಬುಡಕ್ಕಲ್ಲ.

ಹುಣಸೆ ಇರುವ ಮನೆಯವರು ಮಾಡಬೇಕಾದದ್ದು ಇಷ್ಟೇ. ಕಾಯಿ ಉದುರುವ ತಿಂಗಳುಗಳಲ್ಲಿ ದಿನಾ ಬೆಳಿಗ್ಗೆ ಬುಡ ಗುಡಿಸಿ ಆರಿಸಿಕೊಳ್ಳಿ, ಹೇಗೂ ಅದು ನಿಮಗೆ ಬೇಕಾದ ಹಣ್ಣೇ. ಹುಣಸೆ ಬಿಡಿಸುವ ದಿನ ನಾಯಿಯನ್ನು ಬೇರೆ ಕಡೆ ಕಟ್ಟಿ, ತಟ್ಟು ಝಾಡಿಸಿ ನೆಲ ತೊಳೆದ ಮೇಲೆ ಬಿಡಿ. ಬೇದಾಣೆಯ ಶೆಡ್ಡಿನವರು ಕಾವಲು ನಾಯಿಯನ್ನು ಶೆಡ್ಡಿನ ಒಳಗೆ ಕಟ್ಟದೆ ಹೊರಗಿನ ದಾರಿಗೆ ಕಟ್ಟಿ. ಹೊಟ್ಟೆ ತುಂಬ ರೊಟ್ಟಿ ಹಾಕಿ, ಹಸಿದ ನಾಯಿ ಬಿದ್ದದ್ದನ್ನೆಲ್ಲ ತಿನ್ನುತ್ತದೆ. ಊರಲ್ಲಿ ಪಶುವೈದ್ಯರಿಲ್ಲದಿದ್ದರೆ 1962 ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಿ. ಸಂಚಾರಿ ಪಶುಚಿಕಿತ್ಸೆಯ ಈ ಶುಲ್ಕವಿಲ್ಲದ ಸಂಖ್ಯೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಒಂದೇ. ಇವತ್ತೇ ಅದನ್ನು ನಿಮ್ಮ ಹತ್ತಿರದ ವೈದ್ಯರ ನಂಬರಿನ ಜೊತೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.